ಬ್ಯಾಸಗಿ ಸೂಟಿಗೆ ಫಾರಿನ್ ಟಿಕೆಟ್: ಬೆಳಗಾವಿಯವರಿಗೆ ಗೂಗಲ್ ಫ್ಲೈಟ್ಸ್ ಹೆಂಗೈತಿ

ಮೇದಾಗ ಅವ್ವ-ಅಪ್ಪನ್ನ ಶಿಕಾಗೋಕ್ಕ ಅಕ್ಕನ ಮನಿಗೆ ಕಳಸೂದಿತ್ತು, ಟಿಕೆಟ್ ಪೂರಾ ಗೂಗಲ್ ಫ್ಲೈಟ್ಸ್‌ನ್ಯಾಗ ಹುಡುಕಿದೆ. ರೇಟ್ ನೋಡಾಕ ಇದಕ್ಕಿಂತ ಚೊಲೋದು ನಂಗ ಸಿಕ್ಕಿಲ್ರಿ. ಆದ್ರ ಇದು ತಾನ ಟಿಕೆಟ್ ಮಾರೂದಿಲ್ಲ, ಏರ್‌ಲೈನ್ ಸೈಟಿಗೋ ಏಜೆಂಟ್ ಸೈಟಿಗೋ ಕಳಿಸಿ ಬಿಡತೈತಿ, ಅಲ್ಲಿಂದ ಮುಂದ ನಾವ ಹುಷಾರಿರಬೇಕು.

ನಮ್ಮ ಊರವರಿಗೆ ಒಂದು ಅನುಕೂಲ ಐತಿ, ಭಾಳ ಮಂದಿ ಅದನ್ನ ಲೆಕ್ಕಕ್ಕ ಹಿಡ್ಯಂಗಿಲ್ಲ. ಆ ಕಡೆ ಮುಂಬೈ ಈ ಕಡೆ ಬೆಂಗಳೂರು, ಎರಡೂ ಹೆಚ್ಚೂಕಡಿಮಿ 500 ಕಿಲೋಮೀಟರ್, ಎರಡಕ್ಕೂ ರಾತ್ರಿ ಸ್ಲೀಪರ್ ಬಸ್ ಅದಾವು, ಗೋವಾ ಅಂತೂ ಘಾಟ್ ಇಳದ್ರ ಬಂತು. ಗೂಗಲ್ ಫ್ಲೈಟ್ಸ್‌ನ್ಯಾಗ ಎಲ್ಲಿಂದ ಅನ್ನೂ ಜಾಗಾದಾಗ ಬೆಂಗಳೂರು, ಮುಂಬೈ, ಗೋವಾದ ದಾಬೋಲಿಂ, ಮೋಪಾ ಎಲ್ಲಾ ಒಮ್ಮೆಲೇ ಹಾಕಬಹುದು, ಯಾವ ಕಡೆಯಿಂದ ಸಸ್ತಾ ಅಂತ ಒಂದ ಪಟ್ಟಿಯಾಗ ಬರತೈತಿ. ಬಸ್ಸಿನ ಖರ್ಚು, ನಡುವ ಲಾಡ್ಜ್ ಬೇಕಾದ್ರ ಅದರ ಖರ್ಚು, ಇವನ್ನೂ ಕೂಡಿಸೇ ನೋಡ್ರಿ, ಎರಡು ಮೂರು ಸಾವಿರ ಉಳಸಾಕ ಹೋಗಿ ವಯಸ್ಸಾದವ್ರನ್ನ ದಣಿಸಬ್ಯಾಡ್ರಿ.

ನಂಗ ಖರೇ ಉಪಯೋಗಾಗಿದ್ದು ಡೇಟ್ ಗ್ರಿಡ್. ಹೋಗೂ ತಾರೀಖು ಒಂದು ಕಡೆ, ಬರೂ ತಾರೀಖು ಇನ್ನೊಂದು ಕಡೆ, ನಡುವ ಚೌಕದಾಗ ರೇಟು, ಸಸ್ತಾ ಇರೂದು ಹಸರ ಬಣ್ಣದಾಗ. ಶನಿವಾರ ಹೋಗೂದನ್ನ ಬುಧವಾರಕ್ಕ ತಂದೆ, ಬರೂದನ್ನ ಆಗಸ್ಟ್ ನಡುವಿನಿಂದ ಸಪ್ಟೆಂಬರಿಗೆ ದೂಡಿದೆ, ಒಬ್ಬೊಬ್ಬರಿಗೆ 12 ಸಾವಿರ ಇಳೀತು, ವಿಮಾನ ಅದ, ಸೀಟ್ ಅದ. ಜೂನ್‌ದಿಂದ ಆಗಸ್ಟ್ ತನಕ ಅಲ್ಲೂ ಸಾಲಿ ಸೂಟಿ, ಹಂಗಾಗಿ ಆವಾಗ ಟಿಕೆಟ್ ತುಟ್ಟಿ. ತಾರೀಖು ಪಕ್ಕಾ ಇಲ್ಲಂದ್ರ ಟ್ರ್ಯಾಕ್ ಪ್ರೈಸಸ್ ಆನ್ ಮಾಡಿ ಬಿಡ್ರಿ, ರೇಟ್ ಏರಿಳಿತ ಆದಾಗ ಮೇಲ್ ಬರತೈತಿ, ದಿನಾ ಕುಂತು ನೋಡೂದು ತಪ್ಪತೈತಿ.

ಈಗ ಹುಷಾರಿರೋ ವಿಷಯ. ಪಟ್ಟಿಯಾಗ ಎಲ್ಲಕ್ಕಿಂತ ಸಸ್ತಾ ಕಂಡದ್ದನ್ನ ಒತ್ತಿದೆ, ಹೆಸರೂ ಕೇಳಿರದ ಒಂದು ಏಜೆಂಟ್ ಸೈಟ್ ತೆರೀತು, ಅಲ್ಲಿ ಕನ್ವೀನಿಯನ್ಸ್ ಫೀ, ಮೊದಲ ಟಿಕ್ ಹಾಕಿಟ್ಟ ಇನ್ಶೂರೆನ್ಸು, ಕೊನಿಗೆ ಏರ್‌ಲೈನ್ ಸೈಟಿನ ರೇಟಿಗೂ ಇದಕ್ಕೂ ಫರಕ ಉಳೀಲಿಲ್ಲ. ಸೀದಾ ಏರ್‌ಲೈನ್ ಸೈಟಿನ್ಯಾಗ ತಗೊಂಡೆ. ನಾಳೆ ತಾರೀಖು ಬದಲಾಗಬೇಕಾದ್ರ ಅವ್ರ ಜೋಡಿನ ಮಾತಾಡಬಹುದು, ನಡುವ ಏಜೆಂಟ್ ಇಲ್ಲ. ಅಮೆರಿಕಾಕ್ಕ ಹೋಗೂ ಟಿಕೆಟ್ ಪ್ರಯಾಣಕ್ಕ 7 ದಿನ ಮೊದಲ, ಏರ್‌ಲೈನ್ ಕಡೆಯಿಂದನ ತಗೊಂಡಿದ್ರ, 24 ತಾಸಿನೊಳಗ ದಂಡ ಇಲ್ಲದ ಕ್ಯಾನ್ಸಲ್ ಮಾಡಾಕೂ ಅಲ್ಲಿನ ಸರ್ಕಾರದ ರೂಲ್ ಐತಿ, ಇಲ್ಲಾಂದ್ರ ಏರ್‌ಲೈನ್‌ನವ್ರು ಅಷ್ಟು ಹೊತ್ತು ರೇಟ್ ಹಿಡಿದಿಡಬೇಕು.

ಸೆಲ್ಫ್ ಟ್ರಾನ್ಸ್‌ಫರ್ ಅಂತ ಕಂಡ್ರ ಅದನ್ನ ಬಿಟ್ಟ ಬಿಡ್ರಿ, ಅದರಾಗೂ ವಯಸ್ಸಾದವ್ರಿಗೆ ಬ್ಯಾಡ. ಎರಡು ಬ್ಯಾರೆ ಬ್ಯಾರೆ ಟಿಕೆಟ್ ಅವು, ನಡುವ ಬ್ಯಾಗ್ ಇಳಿಸಿಕೊಂಡು ಮತ್ತ ಚೆಕ್ ಇನ್ ಮಾಡಬೇಕು, ಆ ದೇಶದ ವೀಸಾನೂ ಬೇಕಾಗಬಹುದು, ಮೊದಲನೇ ವಿಮಾನ ತಡಾ ಆಗಿ ಎರಡನೇದು ತಪ್ಪಿದ್ರ ಕೇಳೋರಿಲ್ಲ. ನಾ ದೋಹಾದಾಗ ಒಂದ ಸ್ಟಾಪ್, 3 ತಾಸು ಬಿಡುವು ಇದ್ದದ್ದು ಆರಿಸಿದೆ, ಒಂದ ಟಿಕೆಟ್, ಬ್ಯಾಗ್ ಸೀದಾ ಶಿಕಾಗೋಕ್ಕ. ವ್ಹೀಲ್‌ಚೇರ್ ಬುಕಿಂಗ್ ಆದಮ್ಯಾಲ ಏರ್‌ಲೈನಿಗೆ ಹೇಳಿದೆ, ಅದಕ್ಕ ರೊಕ್ಕ ಇಲ್ಲ.

ಕೊರತಿ ಒಂದ, ಬ್ಯಾಗ್ ಎಷ್ಟ ಕೆಜಿ ಅನ್ನೂದು ಪಟ್ಟಿಯಾಗ ಎದ್ದು ಕಾಣಂಗಿಲ್ಲ. ಸಸ್ತಾ ಫೇರ್‌ನ್ಯಾಗ 23 ಕೆಜಿದು ಒಂದ ಬ್ಯಾಗ್ ಇರಬಹುದು, ಅವ್ವ ಕಡಕ ರೊಟ್ಟಿ, ಶೇಂಗಾ ಹಿಂಡಿ, ಖಾರಪುಡಿ ಅಂತ ಎರಡು ಬ್ಯಾಗ್ ತುಂಬಿಸಿ ಇಟ್ಟಿರತಾಳ. ರೊಕ್ಕ ಕಟ್ಟೂ ಮೊದಲ ಏರ್‌ಲೈನ್ ಸೈಟಿನ್ಯಾಗ ಅದನ್ನ ಓದಿಕೊಳ್ರಿ.