ಟೆಂಟು ಬಾಡಿಗೆಗೆ ತರಲು ಅಡ್ಡಿಯಿಲ್ಲ, ಜಾಗದ ಪಟ್ಟಿಗೆ ದುಡ್ಡು ಕೊಡಬೇಡಿ

ಶಿವರಾತ್ರಿಯ ಬೆನ್ನಿಗೆ ಬರುವ ಅಮಾವಾಸ್ಯೆಯನ್ನು ನೋಡಿಕೊಂಡು, ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಎರಡು ರಾತ್ರಿ ತಂಗಿ, ಒಳಗೆ ದೀಪ ಹಚ್ಚಿದ ಟೆಂಟಿನ ಜೊತೆ ಆಕಾಶಗಂಗೆಯ ಚಿತ್ರ ತೆಗೆಯಬೇಕೆಂದು ನಾನೂ ನನ್ನ ತಮ್ಮನೂ ಹೊರಟೆವು. ನೀರು, ಕರೆಂಟು, ಶೌಚಾಲಯ ಯಾವುದೂ ಇಲ್ಲದ ಬಯಲು ಅದು. ಹೀಗಾಗಿ ಬೆಳಗಾವಿಯ ಒಂದು ಬಾಡಿಗೆ ಅಂಗಡಿಯಿಂದ ಟೆಂಟು, ಹಾಸಿಗೆ, ಸಣ್ಣ ಗ್ಯಾಸ್ ಒಲೆ, 20 ಲೀಟರಿನ ನೀರಿನ ಕ್ಯಾನು ಮತ್ತು ಕ್ಯಾಮೆರಾ ಚಾರ್ಜ್ ಮಾಡಿಕೊಳ್ಳಲು ಒಂದು ದೊಡ್ಡ ಬ್ಯಾಟರಿಯನ್ನು ತಂದೆವು. ಇದಕ್ಕೆಲ್ಲ ಎರಡು ರಾತ್ರಿಗೆ 2,400 ರೂಪಾಯಿ ಬಾಡಿಗೆ, 3,000 ರೂಪಾಯಿ ಠೇವಣಿ. ಯಾರಿಗೂ ಗೊತ್ತಿಲ್ಲದ ಜಾಗಗಳೆಂದು ಹೇಳಿ ಅಂಗಡಿಯವರು ಮೊಬೈಲಿಗೆ ಕಳಿಸಿದ ನಕ್ಷೆಯ ಪಟ್ಟಿಗೆ 600 ರೂಪಾಯಿ ಬೇರೆ.

ಸಾಮಾನಿನ ವಿಷಯದಲ್ಲಿ ಅಂಗಡಿಯವರ ಮೇಲೆ ದೂರುವಂಥದ್ದು ಏನೂ ಇಲ್ಲ. ಟೆಂಟಿನ ಜೊತೆ ಬರುವ ತೆಳುವಾದ ಅಲ್ಯೂಮಿನಿಯಂ ಗೂಟಗಳ ಬದಲು ಗೇಣುದ್ದಕ್ಕೂ ಮಿಕ್ಕಿದ ಎಂಟು ಕಬ್ಬಿಣದ ಗೂಟಗಳನ್ನು ಅವರಾಗಿಯೇ ಚೀಲಕ್ಕೆ ಹಾಕಿದ್ದರು. ಅದರ ಬೆಲೆ ನಮಗೆ ಗೊತ್ತಾದದ್ದು ಬೇಸಿಗೆಗೆ ಬಿರುಕು ಬಿಡತೊಡಗಿದ್ದ ಎರೆಹೊಲದಲ್ಲಿ. ಅಂಥ ನೆಲದಲ್ಲಿ ಸಣ್ಣ ಗೂಟ ಹೊಡೆದರೆ ಎರಡು ಬೆರಳಿನಲ್ಲಿ ಎಳೆದರೂ ಕಿತ್ತು ಬರುತ್ತದೆ. ಬ್ಯಾಟರಿ ಎರಡನೆಯ ದಿನ ಬೆಳಗಿನವರೆಗೂ ಬಂತು. ಒಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯಲ್ಲೇ ನಮ್ಮ ಊಟ ಮುಗಿಯಿತು. ಒಲೆ ಚಹಾಕ್ಕಷ್ಟೇ ಹತ್ತಿತು.

ಪಟ್ಟಿಯ ಕಥೆಯೇ ಬೇರೆ. ನಾವು ಆರಿಸಿಕೊಂಡ ಜಾಗದ ಚಿತ್ರದಲ್ಲಿ ಟೆಂಟಿನ ಬಾಗಿಲಿಗೇ ನೀರು ತಾಗುವಂತಿತ್ತು. ಮಳೆಗಾಲ ಮುಗಿದು ಜಲಾಶಯ ತುಂಬಿದಾಗ ತೆಗೆದ ಚಿತ್ರ ಅದೆಂದು ಎಲ್ಲಿಯೂ ಬರೆದಿರಲಿಲ್ಲ. ಮಲಪ್ರಭೆಯ ನೀರು ಕಾಲುವೆಗಳಿಗೆ ಹರಿದು, ಚಳಿಗಾಲ ಕಳೆಯುವ ಹೊತ್ತಿಗೆ ದಂಡೆ ಬಹಳ ದೂರ ಹಿಂದೆ ಸರಿದಿರುತ್ತದೆ. ಗುರುತು ಹಾಕಿದ ಜಾಗ ತಲುಪಿದಾಗ ನೀರು ಕಣ್ಣಳತೆಯಲ್ಲಿ ಒಂದು ಗೆರೆಯಾಗಿ ಮಾತ್ರ ಕಾಣುತ್ತಿತ್ತು. ಇನ್ನಷ್ಟು ಮುಂದೆ ಹೋಗೋಣವೆಂದು ಕಾರು ಇಳಿಸಿದ್ದೇ ತಪ್ಪಾಯಿತು. ಮೇಲೆ ಹಪ್ಪಳದಂತೆ ಒಣಗಿದ್ದ ಹೂಳು ಒಡೆದು ಮುಂದಿನ ಎರಡೂ ಗಾಲಿ ಅರ್ಧದವರೆಗೆ ಹುಗಿದವು. ಪಕ್ಕದ ಹೊಲದ ಅಜ್ಜ ಟ್ರ್ಯಾಕ್ಟರ್ ತರಿಸಿ ಎಳೆಸಿಕೊಟ್ಟು, "ಮ್ಯಾಲ ಒಣಗಿದಂಗ ಕಾಣ್ತೈತ್ರಿ, ಒಳಗ ರಾಡಿ ಐತಿ. ಬ್ಯಾಡ್ರೀ ಅಂತ ಕೂಗಿದೆ, ನೀವು ಗ್ಲಾಸ್ ಏರಿಸಿದ್ರಿ" ಎಂದರು.

ಕೊನೆಗೆ ಜಾಗ ತೋರಿಸಿದ್ದೂ ಅವರೇ. ಕಡಲೆ ಕಿತ್ತ ಅವರ ಹೊಲದ ತುದಿಯಲ್ಲಿ, ಎತ್ತರದ ಬದುವಿನ ಮೇಲೆ ಒಂದು ಬೇವಿನ ಮರ. ಪೂರ್ವಕ್ಕೂ ಆಗ್ನೇಯಕ್ಕೂ ತಡೆಯಿಲ್ಲದೆ ತೆರೆದುಕೊಂಡ ಹಿನ್ನೀರು. ಹಣ ಮುಟ್ಟಲಿಲ್ಲ. ಪ್ಲಾಸ್ಟಿಕ್ ಬಿಟ್ಟು ಹೋದರೆ ದನ ತಿನ್ನುತ್ತವೆ ಎಂಬ ಒಂದೇ ಮಾತು ಹೇಳಿದರು. ಉಪಗ್ರಹ ನಕ್ಷೆಯಲ್ಲಿ ಚಕ್ಕಡಿ ದಾರಿಯನ್ನೂ ದಂಡೆಯ ದಿಕ್ಕನ್ನೂ ಹುಡುಕಬಹುದು, ನಾನೂ ಹುಡುಕುತ್ತೇನೆ. ಆದರೆ ಈ ತಿಂಗಳು ನೀರು ಎಲ್ಲಿದೆ, ನೆಲ ಗಾಡಿ ತಾಳುತ್ತದೆಯೇ ಎಂಬುದನ್ನು ಹೊಲದವರನ್ನೇ ಕೇಳಬೇಕು.

ಚಿತ್ರ ತೆಗೆಯುವವರಿಗೆ ಈ ಟೆಂಟಿನಲ್ಲಿ ಒಂದು ಕೊರತೆಯಿದೆ. ಹೊರಹೊದಿಕೆ ಬೂದುಬಣ್ಣದ್ದು, ಒಳಮೈಗೆ ಬೆಳ್ಳಿಲೇಪವಿರುವುದರಿಂದ ಒಳಗೆ ದೀಪ ಹಚ್ಚಿದರೆ ಹೊರಗೆ ಬೆಳಕೇ ಕಾಣುವುದಿಲ್ಲ. ಹೊದಿಕೆ ತೆಗೆದಾಗ ಒಳಪರದೆಯೇನೋ ಹೊಳೆಯಿತು, ಆದರೆ ದೀಪವನ್ನು ಅತಿ ಕಡಿಮೆಗೆ ಇಳಿಸಿದರೂ ಚಿತ್ರದಲ್ಲಿ ಟೆಂಟು ಬರೀ ಬಿಳಿಯ ಉಂಡೆಯಾಯಿತು. ದೀಪಕ್ಕೆ ಕಿತ್ತಳೆ ಬಣ್ಣದ ಟವೆಲ್ಲನ್ನು ಎರಡು ಸುತ್ತು ಸುತ್ತಿದ ಮೇಲೆ ಬೆಳಕು ಹದಕ್ಕೆ ಬಂತು. ನಸುಕಿನ 4 ಗಂಟೆಗೆ ಆಕಾಶಗಂಗೆಯ ದಟ್ಟಭಾಗ ಆಗ್ನೇಯದಲ್ಲಿ ಮೇಲೇರಿದಾಗ 16 ಮಿಲಿಮೀಟರ್ ಲೆನ್ಸು, ಅದರ ಕಿಂಡಿ ಎಫ್ 2.8, ಬೆಳಕು ಹಿಡಿಯುವ ಸೂಕ್ಷ್ಮತೆ ಐಎಸ್‌ಒ 3200 ಇಟ್ಟು, ಶಟರನ್ನು 20 ಸೆಕೆಂಡು ತೆರೆದಿಟ್ಟು ಚಿತ್ರ ತೆಗೆದೆ. ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬಿಟ್ಟರೆ ಭೂಮಿ ತಿರುಗುವುದರಿಂದ ಚುಕ್ಕಿಗಳು ಗೆರೆಯಾಗುತ್ತವೆ. ಚಿತ್ರ ಮನಸ್ಸಿಗೆ ಬಂದಂತೆಯೇ ಬಂತು. ಹೊದಿಕೆಯಿಲ್ಲದ ಟೆಂಟಿನೊಳಗೆ ಮಲಗಿದ್ದ ತಮ್ಮನ ಹಾಸಿಗೆ ಮಾತ್ರ ಇಬ್ಬನಿಗೆ ತೊಯ್ದು, ಅವನು ಉಳಿದ ಹೊತ್ತನ್ನು ಕಾರಿನಲ್ಲಿ ಕಳೆದ. ಹಳದಿ ಅಥವಾ ಕಿತ್ತಳೆ ಬಣ್ಣದ, ಲೇಪವಿಲ್ಲದ ಹೊದಿಕೆಯ ಟೆಂಟೊಂದನ್ನು ಅಂಗಡಿಯವರು ಇಟ್ಟುಕೊಳ್ಳುವುದು ಒಳ್ಳೆಯದು.

ಪಟ್ಟಿಯಲ್ಲಿ ಇನ್ನೂ ದೊಡ್ಡ ತಪ್ಪೊಂದಿದೆ. ಖಾನಾಪುರ ತಾಲ್ಲೂಕಿನ ಎರಡು ಗುರುತುಗಳು ಭೀಮಗಡದ ಕಾಡಿನೊಳಗೇ ಬೀಳುತ್ತವೆ. ಅದು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಪ್ರದೇಶ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ರಾತ್ರಿ ತಂಗಿದರೆ ಕಾನೂನಿನ ಪ್ರಕಾರ ಅಪರಾಧವಾಗುತ್ತದೆ. ಹಣ ಪಡೆದು ಜಾಗ ತೋರಿಸುವವರು ಇದೊಂದು ಸಾಲನ್ನಾದರೂ ಬರೆಯಬೇಕಿತ್ತು.

ಸಾಮಾನು ಮರಳಿಸುವಾಗ ಗೂಟಗಳಿಗೆ ಮೆತ್ತಿದ್ದ ರಾಡಿಯನ್ನೂ ತೊಯ್ದ ಹಾಸಿಗೆಯನ್ನೂ ನೋಡಿಯೂ ಠೇವಣಿಯಲ್ಲಿ ಒಂದು ರೂಪಾಯಿ ಹಿಡಿಯಲಿಲ್ಲ. ಪಟ್ಟಿಯ 600 ರೂಪಾಯಿ ಕೇಳಿದ್ದಕ್ಕೆ "ಮುಂದಿನ ಸಲ ನೋಡೂಣ್ರಿ ಸರ" ಎಂದರು. ಮುಂದಿನ ಅಮಾವಾಸ್ಯೆಗೂ ಟೆಂಟನ್ನು ಅವರಲ್ಲಿಯೇ ಹೇಳಿಟ್ಟಿದ್ದೇನೆ; ಜಾಗಕ್ಕೆ ಅಜ್ಜನ ಫೋನ್ ನಂಬರಿದೆ.