ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ, ಆರ್‌ಸಿಂಕ್: ವೀರಗಲ್ಲಿನ ಪುಟಗಳನ್ನು ಮೂರರಲ್ಲೂ ಏರಿಸಿ ನೋಡಿದೆ

ಸೊರಬ, ಶಿಕಾರಿಪುರದ ಕಡೆ ವೀರಗಲ್ಲುಗಳಿಗೆ ಬರವಿಲ್ಲ. ಕೆರೆ ಏರಿ ಮೇಲೆ ಸಿಗುತ್ತವೆ, ಗುಡಿ ಹಿಂದೆ ಸಿಗುತ್ತವೆ, ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲೂ ಆಗಿವೆ. ಏಳೆಂಟು ವರ್ಷದಿಂದ ಅವುಗಳ ಫೋಟೋ ತೆಗೆದು, ಒಂದೊಂದಕ್ಕೂ ಒಂದು ಪುಟ ಬರೆದು, ನನ್ನದೇ ಪುಟ್ಟ ವೆಬ್‌ಸೈಟ್‌ಗೆ ಹಾಕುತ್ತಿದ್ದೇನೆ. ಎಲ್ಲ ಕೈಯಲ್ಲೇ ಬರೆದ ಎಚ್‌ಟಿಎಂಎಲ್. ಮೊನ್ನೆ ಹಳೆ ಹೋಸ್ಟಿಂಗ್ ಬಿಟ್ಟು ಜರ್ಮನಿಯಲ್ಲಿರುವ ಸರ್ವರ್ ಒಂದಕ್ಕೆ ಬದಲಾದೆ. ಹೇಗೂ ಎಲ್ಲವನ್ನೂ ಹೊಸದಾಗಿ ಏರಿಸಬೇಕಿತ್ತು. ಹಾಗಿದ್ದರೆ ಕಂಪ್ಯೂಟರ್‌ನಿಂದ ಸರ್ವರ್‌ಗೆ ಫೈಲು ಕಳಿಸುವ ಈ ಮೂರು ಸಾಫ್ಟ್‌ವೇರ್‌ನಲ್ಲೂ ಏರಿಸಿ, ಗಡಿಯಾರ ಹಿಡಿದು ನೋಡಿಯೇಬಿಡೋಣ ಅನ್ನಿಸಿತು.

ಸರಕು ಇಷ್ಟು: 612 ಫೈಲು, ಒಟ್ಟು 65 ಎಂಬಿ. ಮೂರರಲ್ಲೂ ಎಸ್‌ಎಸ್‌ಎಚ್ ದಾರಿಯಲ್ಲೇ ಕಳಿಸಿದೆ, ಅಂದರೆ ನಡುವೆ ಯಾರೂ ಓದಲಾಗದ ಹಾಗೆ ಬೀಗ ಹಾಕಿದ ದಾರಿ. ಹಳೆಯ ಹೋಸ್ಟಿಂಗ್‌ನವರು ಬರೀ ಎಫ್‌ಟಿಪಿ, ಅಂದರೆ ಫೈಲು ಸಾಗಿಸುವ ಹಳೆಯ ವಿಧಾನ, ಕೊಟ್ಟಿದ್ದರು. ಅದರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಅಂಚೆ ಕಾರ್ಡಿನ ಹಾಗೆ ಹೋಗುತ್ತದೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಎಫ್‌ಟಿಪಿಯ ಮೊದಲ ಕರಡು ಬರೆದವರು ನಮ್ಮ ಐಐಟಿ ಕಾನ್ಪುರದ ಮೊದಲ ಬ್ಯಾಚಿನ ಅಭಯ್ ಭೂಷಣ್, 1971ರಲ್ಲಿ, ಎಂಐಟಿಯಲ್ಲಿದ್ದಾಗ. ಆಗ ಜಾಲದಲ್ಲಿದ್ದ ಕಂಪ್ಯೂಟರುಗಳೇ ಬೆರಳೆಣಿಕೆಯಷ್ಟು, ಕದಿಯುವವರು ಯಾರಿದ್ದರು? 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿಯನ್ನು ಕೈಬಿಟ್ಟವು. ನಿಮ್ಮ ಸರ್ವರ್‌ನಲ್ಲಿ ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ದಾರಿಯಲ್ಲೇ ಫೈಲು ಕಳಿಸುವ ವಿಧಾನ) ಇದ್ದರೆ ಅದನ್ನೇ ಬಳಸಿ, ಪೋರ್ಟ್ ಸಂಖ್ಯೆ ಕೇಳಿದರೆ 22.

ಮೊದಲು ಫೈಲ್‌ಜಿಲ್ಲಾ. 2001ರಿಂದ ಇದೆ, ಪುಕ್ಕಟೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಎಡಗಡೆ ನಿಮ್ಮ ಕಂಪ್ಯೂಟರ್, ಬಲಗಡೆ ಸರ್ವರ್, ಇಲ್ಲಿಂದ ಅಲ್ಲಿಗೆ ಎಳೆದು ಬಿಡುವುದು. ನನ್ನ ಅಕ್ಕನಿಗೆ ಐದು ನಿಮಿಷದಲ್ಲಿ ಬಂತು. ಒಂದು ಸಲಕ್ಕೆ ಎರಡು ಫೈಲ್ ಕಳಿಸುತ್ತದೆ, ಬೇಕಿದ್ದರೆ ಹತ್ತರವರೆಗೂ ಏರಿಸಬಹುದು. 612 ಫೈಲಿಗೆ ನಾಲ್ಕು ನಿಮಿಷ ಚಿಲ್ಲರೆ ಹಿಡಿಯಿತು. ನಡುವೆ ಕರೆಂಟ್ ಹೋಗಿ ರೌಟರ್ ಸತ್ತಿತು. ಇದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಆಗ ಕಂಡಿತು: ಕೆಳಗೆ ಸೋತ ಫೈಲುಗಳದ್ದೇ ಒಂದು ಪಟ್ಟಿ ಇರುತ್ತದೆ. ಅವನ್ನಷ್ಟೇ ಮತ್ತೆ ಸಾಲಿಗೆ ಹಾಕಿದರೆ ಆಯಿತು. ಒಂದು ಮಾತು, ಪಾಸ್‌ವರ್ಡ್ ಉಳಿಸುವುದಾದರೆ ಮಾಸ್ಟರ್ ಪಾಸ್‌ವರ್ಡ್ ಹಾಕಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರ್‌ಗೆ ಕೈಹಾಕಿದ ಯಾರಾದರೂ ಅದನ್ನು ಸುಲಭವಾಗಿ ಓದಬಹುದು.

ವಿನ್‌ಎಸ್‌ಸಿಪಿ ವಿಂಡೋಸ್‌ಗೆ ಮಾತ್ರ. ಅದೇ ಎರಡು ಕಿಟಕಿ, ಆದರೆ ಸ್ವಲ್ಪ ಗಂಭೀರ ಮುಖ. ಅದೇ ಸರಕಿಗೆ ಆರು ನಿಮಿಷ ತೆಗೆದುಕೊಂಡಿತು.

ಆರ್‌ಸಿಂಕ್‌ಗೆ ಕಿಟಕಿಯೇ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಬೇಕು. ಆ್ಯಂಡ್ರೂ ಟ್ರಿಡ್ಜೆಲ್, ಪಾಲ್ ಮೆಕೆರಾಸ್ ಇಬ್ಬರೂ ಸೇರಿ 1996ರಲ್ಲಿ ಹೊರತಂದದ್ದು. ಸಮಯ ಒಂದು ನಿಮಿಷ ಹತ್ತು ಸೆಕೆಂಡು. ಗಡಿಯಾರ ತಪ್ಪಿರಬೇಕು ಅಂತ ಸರ್ವರ್ ಖಾಲಿ ಮಾಡಿ ಮತ್ತೊಮ್ಮೆ ಓಡಿಸಿದೆ. ಅಷ್ಟೇ ಬಂತು.

ಇಷ್ಟು ವ್ಯತ್ಯಾಸ ಯಾಕೆ? ಇಂಟರ್ನೆಟ್ ವೇಗ ಮೂರಕ್ಕೂ ಒಂದೇ. ನಾನಿರುವ ಸಾಗರ ಪಟ್ಟಣದಿಂದ ಜರ್ಮನಿಗೆ ಒಂದು ಮಾತು ಹೋಗಿ ಬರಲು ಸುಮಾರು 160 ಮಿಲಿಸೆಕೆಂಡ್ ಬೇಕು. ಕಿಟಕಿಯ ಸಾಫ್ಟ್‌ವೇರ್‌ಗಳು ಪ್ರತಿ ಫೈಲಿಗೂ 'ತೆರೆಯಲಾ?', 'ಬರೆದೆ', 'ಮುಚ್ಚಲಾ?' ಅಂತ ಕೇಳಿ ಉತ್ತರಕ್ಕೆ ಕಾಯುತ್ತವೆ. ಅಂಗಳದಿಂದ ಅಟ್ಟಕ್ಕೆ ಒಂದೊಂದೇ ತೆಂಗಿನಕಾಯಿ ಹೊತ್ತ ಹಾಗೆ. ಆರ್‌ಸಿಂಕ್ ಚೀಲಕ್ಕೆ ತುಂಬಿಕೊಂಡು ಹೋಗುತ್ತದೆ, ನಡುವೆ ಉತ್ತರಕ್ಕೆ ಕಾಯುತ್ತಾ ನಿಲ್ಲುವುದಿಲ್ಲ. ಸಣ್ಣ ಫೈಲು ಜಾಸ್ತಿ ಇದ್ದಷ್ಟೂ ಅಂತರ ಹೆಚ್ಚು. ಒಂದೇ ದೊಡ್ಡ ವಿಡಿಯೋ ಕಳಿಸಿದಾಗ ಮೂರೂ ಹೆಚ್ಚುಕಡಿಮೆ ಸಮ.

ಆದರೆ ನಿಜ ಹೇಳಬೇಕೆಂದರೆ, ಮೊದಲ ದಿನ ನಾಲ್ಕು ನಿಮಿಷವೋ ಆರು ನಿಮಿಷವೋ, ಚಹಾ ಕುಡಿದು ಬಂದರೆ ಮುಗಿಯಿತು. ತಲೆನೋವು ಶುರುವಾಗುವುದು ಎರಡನೇ ದಿನ. ಮೂರು ಪುಟ ತಿದ್ದಿದ್ದೀರಿ, ಎರಡು ಫೋಟೋ ಬದಲಿಸಿದ್ದೀರಿ, ಒಂದು ಪುಟ ಅಳಿಸಿದ್ದೀರಿ. ಯಾವ್ಯಾವುದು ಅಂತ ನಿಮಗೇ ನೆನಪಿಲ್ಲ.

ಫೈಲ್‌ಜಿಲ್ಲಾ ಇಲ್ಲಿ ಕೆಲಸವನ್ನು ನಮಗೇ ಬಿಡುತ್ತದೆ. ಎರಡೂ ಕಡೆಯ ಫೋಲ್ಡರ್ ಹೋಲಿಸಿ ಬಣ್ಣ ಹಚ್ಚಿ ತೋರಿಸುತ್ತದೆ, ಅಷ್ಟೇ. ನಾನು ಅಳಿಸಿದ ಪುಟ ಸರ್ವರ್‌ನಲ್ಲಿ ಹಾಗೇ ಉಳಿಯಿತು. ವಿನ್‌ಎಸ್‌ಸಿಪಿಯಲ್ಲಿ ಸಿಂಕ್ರೊನೈಸ್ ಒತ್ತಿದರೆ ಏನೇನು ಹೋಗುತ್ತದೆ ಅನ್ನುವ ಪಟ್ಟಿಯನ್ನು ಮೊದಲೇ ಮುಂದಿಡುತ್ತದೆ. ಬೇಡದ್ದರ ಟಿಕ್ ತೆಗೆದು ಸರಿ ಅನ್ನಬಹುದು. ಇನ್ನೊಂದು ಆಯ್ಕೆಯಲ್ಲಿ ಅದು ಫೋಲ್ಡರ್ ಕಾಯುತ್ತಾ ಕೂರುತ್ತದೆ: ನೀವು ಇಲ್ಲಿ ಸೇವ್ ಒತ್ತಿದ ಕೂಡಲೇ ಅಲ್ಲಿ ಪುಟ ಬದಲಾಗುತ್ತದೆ. ಇದಕ್ಕೆ ನಾನು ಮನಸೋತೆ. ಆರ್‌ಸಿಂಕ್‌ಗೆ ಅದೇ ಹಳೆ ಸಾಲು ಮತ್ತೆ ಕೊಟ್ಟರೆ ಸಾಕು. ಬದಲಾದದ್ದನ್ನು ತಾನೇ ಹುಡುಕಿ ಮೂರ್ನಾಲ್ಕು ಸೆಕೆಂಡಲ್ಲಿ ಮುಗಿಸುತ್ತದೆ.

ಅದರ ಬೆಲೆಯನ್ನೂ ತೆತ್ತಿದ್ದೇನೆ. ಅಳಿಸಿದ ಪುಟ ಅಲ್ಲೂ ಹೋಗಲಿ ಅಂತ ಡಿಲೀಟ್ ಆಯ್ಕೆ ಸೇರಿಸಿ ಎಂಟರ್ ಒತ್ತಿದೆ. ಆನವಟ್ಟಿಯ ಗೆಳೆಯನೊಬ್ಬ ಶಾಸನಗಳ ಪಿಡಿಎಫ್‌ಗಳನ್ನು ನೇರವಾಗಿ ಸರ್ವರ್‌ಗೇ ಹಾಕಿದ್ದ, ನನ್ನ ಕಂಪ್ಯೂಟರ್‌ನಲ್ಲಿ ಅವು ಇರಲಿಲ್ಲ. ಇಲ್ಲಿಲ್ಲದ್ದು ಅಲ್ಲೂ ಇರಬಾರದು ಅಂತ ಆರ್‌ಸಿಂಕ್ ಎಲ್ಲವನ್ನೂ ಒರೆಸಿತು. ಕೇಳಲೂ ಇಲ್ಲ. ತಪ್ಪು ನನ್ನದೇ. ಡ್ರೈ ರನ್ ಅನ್ನುವ ಆಯ್ಕೆ ಹಾಕಿದ್ದರೆ ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ತೋರಿಸುತ್ತಿತ್ತು. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಮೂಲ ಪ್ರತಿ ಇತ್ತು, ಬಚಾವಾದೆ. ಕಳಿಸುವ ಫೋಲ್ಡರ್ ಹೆಸರಿನ ಕೊನೆಗೆ ಓರೆಗೆರೆ (/) ಮರೆತರೆ ಇನ್ನೊಂದು ತಮಾಷೆ: ಇಡೀ ಸೈಟು ಸರ್ವರ್‌ನಲ್ಲಿ ಒಂದು ಫೋಲ್ಡರ್ ಒಳಗೆ ಹೋಗಿ ಕೂರುತ್ತದೆ, ಮುಖಪುಟ ಮಾತ್ರ ಹಳೆಯದೇ ಕಾಣುತ್ತದೆ.

ವಿನ್‌ಎಸ್‌ಸಿಪಿ, ಆರ್‌ಸಿಂಕ್ ಎರಡನ್ನು ಬೆರೆಸಿದಾಗಲೂ ಎಡವಿದೆ. ಒಂದು ಪುಟದಲ್ಲಿ ಶಕ ವರ್ಷ ತಪ್ಪಿತ್ತು. ಅವಸರಕ್ಕೆ ವಿನ್‌ಎಸ್‌ಸಿಪಿಯಲ್ಲಿ ಸರ್ವರ್‌ನ ಫೈಲನ್ನೇ ತೆರೆದು ತಿದ್ದಿದೆ. ಸಂಜೆ ಆರ್‌ಸಿಂಕ್ ಓಡಿಸಿದೆ. ಎರಡು ಕಡೆ ಸಮಯವೋ ಗಾತ್ರವೋ ಬೇರೆ ಕಂಡರೆ ಅದು ನಮ್ಮ ಕಡೆಯದ್ದನ್ನೇ ಕಳಿಸುತ್ತದೆ, ಸರ್ವರ್‌ನದು ಹೊಸದಿದ್ದರೂ ಸರಿ. ತಪ್ಪು ವರ್ಷ ವಾಪಸ್ ಬಂತು.

ಕನ್ನಡದವರಿಗೇ ಕಾಯ್ದ ಒಂದು ಕಾಟವೂ ಇದೆ. ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡುವ ಹಟ ನನ್ನದು. ಕುಬಟೂರಿನ ಕೈಟಭೇಶ್ವರ ಗುಡಿಯ ಫೋಟೋಗಳಿಗೆ 'ಕೋಟಿಪುರ' ಅಂತ ಫೋಲ್ಡರ್. ಗೆಳೆಯ ತನ್ನ ಹಳೆ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ್ದನ್ನು ಬಿಚ್ಚಿ ಏರಿಸಿದೆ. ಸರ್ವರ್‌ನಲ್ಲಿ ಎರಡು ಕೋಟಿಪುರ! ಹಳೆಯ ಮ್ಯಾಕ್‌ಗಳು ಹೆಸರನ್ನು ಬಿಡಿಸಿ ಇಡುತ್ತಿದ್ದವು. ನಾವು ಟೈಪಿಸಿದ 'ಕೋ'ದಲ್ಲಿ ಓಕಾರ ಒಂದೇ ಚಿಹ್ನೆ, ಮ್ಯಾಕ್ ಇಟ್ಟದ್ದರಲ್ಲಿ ಎತ್ವ, ಕೊಂಬು, ದೀರ್ಘ ಅಂತ ಮೂರು ಚೂರು. ಕಣ್ಣಿಗೆ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಲಿಂಕ್ ಒತ್ತಿದರೆ ಅರ್ಧ ಫೋಟೋ ಇಲ್ಲ. ಮ್ಯಾಕ್‌ನಿಂದಲೇ ನೇರವಾಗಿ ಆರ್‌ಸಿಂಕ್ ಓಡಿಸಿದ್ದರೆ ಹೆಸರಿನ ಅಕ್ಷರಗಳ ರೂಪ ಬದಲಿಸುವ ಅದರ ಐಕಾನ್ವ್ (iconv) ಆಯ್ಕೆಯಲ್ಲಿ ಇದನ್ನು ಸರಿಪಡಿಸಬಹುದಿತ್ತು. ಅಷ್ಟು ತಾಳ್ಮೆ ಇರಲಿಲ್ಲ. ಹಟ ಬಿಟ್ಟು ಎಲ್ಲಕ್ಕೂ ಇಂಗ್ಲಿಷ್ ಅಕ್ಷರದ ಹೆಸರಿಟ್ಟೆ, ಅದೂ ಸಣ್ಣ ಅಕ್ಷರದಲ್ಲಿ.

ಈಗ ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಆರ್‌ಸಿಂಕ್ ಇದೆ. ಸಾಲನ್ನು ಸ್ಕ್ರಿಪ್ಟ್ ಮಾಡಿ ಇಟ್ಟಿದ್ದೇನೆ. ಮೊದಲು ಡ್ರೈ ರನ್ ಓಡುತ್ತದೆ, ನಾನು ಓದಿ ಹೂಂ ಅಂದರೆ ಮಾತ್ರ ಮುಂದಕ್ಕೆ. ಗೆಳೆಯನದು ಈಗ ವಿಂಡೋಸ್, ಅವನಿಗೆ ವಿನ್‌ಎಸ್‌ಸಿಪಿ ಹಾಕಿಕೊಟ್ಟೆ. ಅವನ ಪಿಡಿಎಫ್ ಫೋಲ್ಡರ್ ಹೆಸರನ್ನು ನನ್ನ ಸ್ಕ್ರಿಪ್ಟ್‌ನಲ್ಲಿ ಮುಟ್ಟಬೇಡ ಅನ್ನುವ ಪಟ್ಟಿಗೆ ಸೇರಿಸಿದ್ದೇನೆ. ಆದರೂ ಅವನು ವಾರಕ್ಕೊಮ್ಮೆ ಫೋನ್ ಮಾಡಿ 'ಇವತ್ತು ಓಡಿಸಿದ್ಯಾ?' ಅಂತ ಕೇಳುತ್ತಾನೆ.