ಪಟ್ಟಿ, ಕಾರ್ಡು, ಪತ್ರಿಕೆ: ಇಂಗ್ಲಿಷ್ ಪದ ಕಲಿಯಲು ನಾನು ಹಿಡಿದ ಮೂರು ದಾರಿ

ಬ್ಯಾಂಕ್ ಪರೀಕ್ಷೆಗೆಂದು ಇಂಗ್ಲಿಷಿನ ಕಠಿಣ ಪದಗಳ ಬೆನ್ನು ಹತ್ತಿದಾಗ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪದ, ಬಲಕ್ಕೆ ಕನ್ನಡ ಅರ್ಥ. ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ. ವಾರ ಕಳೆಯುವಷ್ಟರಲ್ಲಿ ಅರ್ಧ ಮರೆತಿರುತ್ತಿತ್ತು. ನೆನಪಿದ್ದದ್ದೂ ಕೈಕೊಟ್ಟಿತು. ‘ಸ್ಯಾಂಕ್ಷನ್’ ಎಂದರೆ ಮಂಜೂರಾತಿ ಎಂದು ಬರೆದುಕೊಂಡಿದ್ದೆ. ಅಣಕು ಪರೀಕ್ಷೆಯಲ್ಲಿ ಒಂದು ದೇಶದ ಮೇಲೆ ‘ಸ್ಯಾಂಕ್ಷನ್ಸ್’ ಹೇರಿದ ಸಂಗತಿ ಬಂತು. ಅಲ್ಲಿ ಅದರ ಅರ್ಥ ನಿರ್ಬಂಧ, ಮಂಜೂರಾತಿಗೆ ತದ್ವಿರುದ್ಧ!

ಆಮೇಲೆ ಮೊಬೈಲಿನಲ್ಲಿ ಆಂಕಿ, ಒಂದು ಬದಿಗೆ ಪದ, ಹಿಂಬದಿಗೆ ಅರ್ಥ ಇರುವ ಕಾರ್ಡುಗಳನ್ನು ತೋರಿಸುವ ಆ್ಯಪ್. ತಪ್ಪಿದ ಕಾರ್ಡನ್ನು ಅದು ಬೇಗ ಮರಳಿ ತರುತ್ತದೆ, ಗೊತ್ತಿರುವುದನ್ನು ವಾರ, ತಿಂಗಳು ಮುಂದಕ್ಕೆ ಹಾಕುತ್ತದೆ. ಪಟ್ಟಿಗಿಂತ ಇದು ಎಷ್ಟೋ ಮೇಲು. ಆದರೂ ಒಂದು ಕೊರತೆ ಇತ್ತು. 1880ರ ಸುಮಾರಿಗೆ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಮರೆವಿನ ವೇಗವನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡಾಗ ಉರು ಹೊಡೆದದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಯಾರೋ ಮಾಡಿಟ್ಟ ಸಿದ್ಧ ಕಾರ್ಡುಗಳ ಪದಗಳೂ ನನ್ನ ಪಾಲಿಗೆ ಹಾಗೆಯೇ ಇದ್ದವು. ಕೇಳಿದರೆ ಅರ್ಥ ಹೇಳುತ್ತಿದ್ದೆ, ವಾಕ್ಯದಲ್ಲಿ ಬಳಸಲು ಬರುತ್ತಿರಲಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಆ ದಿನಗಳಲ್ಲಿ ಕನ್ನಡ ಪತ್ರಿಕೆ ಓದಿ ಸಾಲದೆ ಇಂಗ್ಲಿಷ್ ಪತ್ರಿಕೆಯನ್ನೂ ತರಿಸಿ ಓದಿದೆ. ಅದರಲ್ಲಿ ‘ಇನಂಡೇಟ್’ ಕಂಡಾಗ ನಿಘಂಟು ತೆರೆಯಲಿಲ್ಲ. ನದಿಗೆ ಹೆಚ್ಚು ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಮುಳುಗುವುದನ್ನು ಕಂಡವಳಿಗೆ ಆ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಮೇಲೆ ಕುತೂಹಲಕ್ಕೆ ಮೂಲ ಹುಡುಕಿದೆ. ಲ್ಯಾಟಿನ್‌ನಲ್ಲಿ ‘ಉಂಡ’ ಎಂದರೆ ಅಲೆ. ಅಲೆಯಾಗಿ ಏರಿಳಿಯುವುದು ‘ಅಂಡ್ಯುಲೇಟ್’, ಉಕ್ಕಿ ಹರಿಯುವಷ್ಟು ಇರುವುದು ‘ಅಬಂಡಂಟ್’, ತುಂಬಿ ಚೆಲ್ಲಿ ಬೇಡವಾದದ್ದು ‘ರಿಡಂಡಂಟ್’. ಒಂದು ಪದ ಹಿಡಿದರೆ ನಾಲ್ಕು ಬಂದವು, ಒಂದೂ ಮರೆತಿಲ್ಲ.

ಪತ್ರಿಕೆಯ ದಾರಿ ನಿಧಾನದ್ದು, ಒಪ್ಪುತ್ತೇನೆ. ಕೆಲವು ವಾರ ಐದು ಹೊಸ ಪದವೂ ದಕ್ಕುವುದಿಲ್ಲ. ಪರೀಕ್ಷೆಗೆ ತಿಂಗಳಷ್ಟೇ ಉಳಿದವರು ಸಿದ್ಧ ಕಾರ್ಡುಗಳನ್ನೇ ಹಿಡಿಯಲಿ. ಆರು ತಿಂಗಳು ಕೈಯಲ್ಲಿದ್ದರೆ ಪತ್ರಿಕೆಯಿಂದಲೇ ತೊಡಗಿ, ಸಿಕ್ಕ ಪದಕ್ಕೆ ಕಾರ್ಡನ್ನು ನೀವೇ ಮಾಡಿಕೊಳ್ಳಿ. ಬರೀ ಪದ ಹಾಕಬೇಡಿ, ಅದು ಬಂದ ಪೂರ್ತಿ ವಾಕ್ಯ ಹಾಕಿ. ನನ್ನ ‘ಇನಂಡೇಟ್’ ಕಾರ್ಡಿನ ಹಿಂಬದಿಯಲ್ಲಿ ಅರ್ಥ ಬರೆದಿಲ್ಲ. ಕಂಬಗಳ ತುದಿಯಷ್ಟೇ ಕಾಣುವ ಪುರಂದರ ಮಂಟಪದ ಚಿತ್ರ ಹಾಕಿದ್ದೇನೆ.